ಸಾವಿನ ಅಂಕಿ ಇಳಿದರೆ ರೋಗ ಇಳಿಯಿತು ಅಂತಲ್ಲ

ಇನ್ನು ಕೆಲವು ವರ್ಷಗಳಲ್ಲಿ ಒಂದು ಸುದ್ದಿ ಬರುವ ಸಾಧ್ಯತೆ ಇದೆ: ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಆಗುವ ಸಾವಿನ ಪಾಲು ಇಳಿದಿದೆ ಅಂತ. ಓದಿದವರಿಗೆ ಖುಷಿ ಆಗುತ್ತದೆ. ಬಿಪಿ ಮಾತ್ರೆ ಊರೂರಿಗೆ ತಲುಪಿದ್ದು ಫಲ ಕೊಟ್ಟಿತು ಅಂತ ಒಬ್ಬರು ಹೇಳುತ್ತಾರೆ, ಜನ ಬೆಳಗ್ಗೆ ವಾಕಿಂಗ್ ಶುರು ಮಾಡಿದ್ದರಿಂದ ಅಂತ ಇನ್ನೊಬ್ಬರು. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ಆ ಇಳಿಕೆಯ ಒಂದು ದೊಡ್ಡ ಪಾಲಿಗೆ ಕಾರಣ ಬೇರೆಯೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗ ವರ್ಗೀಕರಣ ಐಸಿಡಿ-11, ನಾವು ಲಕ್ವ ಅಂತ ಕರೆಯುವ ಸ್ಟ್ರೋಕನ್ನು ರಕ್ತ ಸಂಚಾರದ ಕಾಯಿಲೆಗಳ ಅಧ್ಯಾಯದಿಂದ ತೆಗೆದು ನರಮಂಡಲದ ಕಾಯಿಲೆಗಳ ಅಧ್ಯಾಯಕ್ಕೆ ಸೇರಿಸಿದೆ. ಲಕ್ವ ಹೊಡೆದು ಸಾಯುವವರ ಸಂಖ್ಯೆ ಒಂದೂ ಕಡಿಮೆ ಆಗದೆ, ಪಟ್ಟಿಯಲ್ಲಿ ಅವರ ಜಾಗ ಮಾತ್ರ ಬದಲಾಗುತ್ತದೆ.

ಇದು ಸಣ್ಣ ವಿಷಯ ಅಲ್ಲ. 2020ರಲ್ಲಿ ನಮ್ಮ ದೇಶದಲ್ಲಿ ವೈದ್ಯರು ಕಾರಣ ಬರೆದುಕೊಟ್ಟ ಸಾವುಗಳಲ್ಲಿ ಶೇ. 32.1ರಷ್ಟು ರಕ್ತ ಸಂಚಾರದ ಕಾಯಿಲೆಗಳ ಲೆಕ್ಕಕ್ಕೇ ಹೋಗಿದ್ದವು. ಹೃದಯಾಘಾತ, ಬಿಪಿ, ಲಕ್ವ ಎಲ್ಲಾ ಅದರೊಳಗೇ. ಸಾವಿನ ಕಾರಣಗಳ ನಮ್ಮ ಈ ವರದಿಗಳು ಇದುವರೆಗೆ ಹಿಂದಿನ ಆವೃತ್ತಿಯಾದ ಐಸಿಡಿ-10ರ ಮೇಲೆ ನಿಂತಿವೆ. ಹೊಸ ಪುಸ್ತಕಕ್ಕೆ, ಅಂದರೆ ಐಸಿಡಿ-11ಕ್ಕೆ, ನಾವು ಬದಲಾಗುವ ವರ್ಷ ಆ ದೊಡ್ಡ ಗುಂಪಿನಿಂದ ಲಕ್ವ ಎದ್ದು ಹೋದರೆ ಗ್ರಾಫ್ ಕೆಳಗೆ ಬೀಳದೆ ಇನ್ನೇನಾಗುತ್ತದೆ?

2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ವಿಜಯನಗರ ಜಿಲ್ಲೆ ಆಯಿತಲ್ವಾ. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಎಲ್ಲಾ ಅತ್ತ ಹೋದವು. ಅದಕ್ಕೂ ಮುಂಚಿನ ಬಳ್ಳಾರಿಯ ಸಾವಿನ ಲೆಕ್ಕವನ್ನು ಈಗಿನ ಬಳ್ಳಾರಿಯ ಲೆಕ್ಕದ ಪಕ್ಕ ಇಟ್ಟು, ನೋಡಿ ಎಷ್ಟು ಕಡಿಮೆ ಆಗಿದೆ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವಾ? ರೋಗಗಳ ಪಟ್ಟಿಯಲ್ಲೂ ಗಡಿ ಹೀಗೇ ಸರಿಯುತ್ತದೆ. ಜಿಲ್ಲೆ ಒಡೆದದ್ದು ಊರಿಗೆಲ್ಲ ಗೊತ್ತಿರುತ್ತದೆ, ರೋಗದ ಗಡಿ ಸರಿದದ್ದು ಸಾವಿನ ಕಾರಣಕ್ಕೆ ಗುರುತಿನ ಸಂಕೇತ, ಅಂದರೆ ಕೋಡ್, ಹಾಕುವವರಿಗೂ ಒಂದಷ್ಟು ಸಂಶೋಧಕರಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಾಗುವುದೇ ಇಲ್ಲ.

ಈ ಪುಸ್ತಕಕ್ಕೆ ನೂರು ವರ್ಷಕ್ಕೂ ಮೇಲ್ಪಟ್ಟ ಇತಿಹಾಸ ಇದೆ. 1893ರಲ್ಲಿ ಶಿಕಾಗೋದಲ್ಲಿ ನಡೆದ ಅಂಕಿಅಂಶ ತಜ್ಞರ ಸಭೆಯಲ್ಲಿ ಫ್ರಾನ್ಸಿನ ಜಾಕ್ ಬೆರ್ತಿಯೋಂ ತಂದ ಸಾವಿನ ಕಾರಣಗಳ ಪಟ್ಟಿಯನ್ನು ಒಪ್ಪಿಕೊಂಡರು. 1948ರಲ್ಲಿ ಆರನೇ ಆವೃತ್ತಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಹತ್ತನೆಯದು 1990ರಲ್ಲಿ ಒಪ್ಪಿಗೆ ಪಡೆಯಿತು, ಹನ್ನೊಂದನೆಯದು 2019ರಲ್ಲಿ ಒಪ್ಪಿಗೆ ಪಡೆದು 2022ರ ಜನವರಿ 1ರಿಂದ ಜಾರಿಗೆ ಬಂತು. ಲಕ್ವದ ಓಡಾಟ ಕೂಡ ಮೊದಲ ಸಲದ್ದಲ್ಲ. ಏಳನೇ ಆವೃತ್ತಿಯವರೆಗೆ ಅದು ನರಮಂಡಲದ ಅಧ್ಯಾಯದಲ್ಲೇ ಇತ್ತು, ಎಂಟನೆಯದರಲ್ಲಿ ರಕ್ತ ಸಂಚಾರಕ್ಕೆ ಬಂತು, ಈಗ ಮತ್ತೆ ವಾಪಸ್. ಮೆದುಳಿಗೆ ಪೆಟ್ಟು ಬೀಳುವ ಕಾಯಿಲೆ, ನರರೋಗ ವೈದ್ಯರು ನೋಡುವ ಕಾಯಿಲೆ ಅನ್ನುವುದು ಒಂದು ವಾದ. ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಬರುವ ಕಾಯಿಲೆ, ಬಿಪಿಗೆ ಅಂಟಿಕೊಂಡದ್ದು ಅನ್ನುವುದು ಇನ್ನೊಂದು. ಎರಡಕ್ಕೂ ಅರ್ಥ ಇದೆ. ನನ್ನ ಚಿಂತೆ ಅದನ್ನು ಎಲ್ಲಿಟ್ಟರು ಅನ್ನುವುದಕ್ಕಿಂತ, ಇಟ್ಟ ಮೇಲೆ ಹಳೆ ಅಂಕಿ ಹೊಸ ಅಂಕಿ ಪಕ್ಕಪಕ್ಕ ಬಂದಾಗ ಯಾರು ಎಚ್ಚರಿಸುತ್ತಾರೆ ಅನ್ನುವುದು.

ಒಂದು ಸಾವು ಅಂಕಿ ಆಗುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ವೈದ್ಯರು ಫಾರಂ 4 ತುಂಬಬೇಕು, ಮನೆಯಲ್ಲಿ ತೀರಿಕೊಂಡಿದ್ದು ಕೊನೆಯಲ್ಲಿ ನೋಡಿದ ವೈದ್ಯರಿದ್ದರೆ 4ಎ. ಅದರ ಮೊದಲ ಭಾಗದಲ್ಲಿ ಎ, ಬಿ, ಸಿ ಅಂತ ಮೂರು ಸಾಲು. ಎ ಸಾಲಿನಲ್ಲಿ ಕೊನೆಗೆ ಪ್ರಾಣ ತೆಗೆದ ತೊಂದರೆ, ಬಿ ಸಾಲಿನಲ್ಲಿ ಅದನ್ನು ತಂದದ್ದು, ಸಿ ಸಾಲಿನಲ್ಲಿ ಇದೆಲ್ಲ ಶುರುವಾಗಲು ಕಾರಣವಾದ ರೋಗ. ಪಕ್ಕದಲ್ಲಿ ಪ್ರತಿಯೊಂದೂ ಶುರುವಾಗಿ ಎಷ್ಟು ದಿನ, ಎಷ್ಟು ವರ್ಷ ಆಗಿತ್ತು ಅಂತ ಬರೆಯಲು ಜಾಗ. ಎರಡನೇ ಭಾಗದಲ್ಲಿ, ಈ ಸರಪಳಿಯಲ್ಲಿ ಇಲ್ಲದಿದ್ದರೂ ಸಾವಿಗೆ ಕೈಜೋಡಿಸಿದ ಬೇರೆ ಕಾಯಿಲೆಗಳು. ಸತ್ತವರು ಹೆಂಗಸಾದರೆ ಬಸಿರು ಬಾಣಂತನಕ್ಕೂ ಈ ಸಾವಿಗೂ ಸಂಬಂಧ ಇತ್ತಾ ಅನ್ನುವ ಪ್ರಶ್ನೆಯೂ ಅಲ್ಲೇ ಇದೆ. ಇಷ್ಟೆಲ್ಲಾ ಬರೆದ ಮೇಲೆ ಅಂಕಿಅಂಶಕ್ಕೆ ಎತ್ತಿಕೊಳ್ಳುವುದು ಒಂದೇ ಒಂದು ಕಾರಣವನ್ನು, ಸರಪಳಿಯ ಬುಡದಲ್ಲಿರುವುದನ್ನು.

ಸಿಂಧನೂರು ಕಡೆಯ ಒಬ್ಬ ರೈತರು ಅಂದುಕೊಳ್ಳಿ. ಹದಿನೈದು ವರ್ಷದಿಂದ ಶುಗರ್. ಗದ್ದೆಯಲ್ಲಿ ಕಾಲಿಗೆ ಗಾಯ ಆಗಿ ಮಾಗಲಿಲ್ಲ, ಗ್ಯಾಂಗ್ರೀನ್ ಆಯಿತು, ನಂಜು ರಕ್ತಕ್ಕೆ ಏರಿತು, ರಾಯಚೂರಿಗೆ ತರುವಷ್ಟರಲ್ಲಿ ಕೈಮೀರಿತ್ತು. ವೈದ್ಯರು ಎ ಸಾಲಿನಲ್ಲಿ ರಕ್ತದ ನಂಜು, ಬಿ ಸಾಲಿನಲ್ಲಿ ಗ್ಯಾಂಗ್ರೀನ್, ಸಿ ಸಾಲಿನಲ್ಲಿ ಶುಗರ್ ಅಂತ ಬರೆದರೆ ಈ ಸಾವು ಶುಗರ್ ಲೆಕ್ಕಕ್ಕೆ ಹೋಗುತ್ತದೆ. ಸುಮ್ನೆ ರಕ್ತದ ನಂಜು ಅಂತ ಬರೆದು ಬಿಟ್ಟರೆ ಸೋಂಕು ರೋಗಗಳ ಲೆಕ್ಕಕ್ಕೆ. ರಾತ್ರಿ ಪಾಳಿಯಲ್ಲಿ ಸುಸ್ತಾದ ಕಿರಿಯ ವೈದ್ಯರು 'ಕಾರ್ಡಿಯಾಕ್ ಅರೆಸ್ಟ್' ಅಂತ ಒಂದೇ ಗೆರೆ ಬರೆದರೆ ರಕ್ತ ಸಂಚಾರದ ಅಧ್ಯಾಯಕ್ಕೆ. ಮನುಷ್ಯ ಒಬ್ಬರೇ, ಕಾಯಿಲೆ ಒಂದೇ, ಅಧ್ಯಾಯ ಮೂರು! ಹೃದಯ ನಿಲ್ಲುವುದು ಎಲ್ಲ ಸಾವಿನಲ್ಲೂ ಆಗುವಂಥದ್ದು, ಅದನ್ನು ಕಾರಣ ಅಂತ ಬರೆಯಬೇಡಿ ಅಂತ ಫಾರಂ ಕೂಡ ಹೇಳುತ್ತದೆ. ಆದರೂ ಬರೆಯುತ್ತಾರೆ. ಸಾರ್ವಜನಿಕ ಆರೋಗ್ಯದವರು ಇಂಥ ಕೋಡ್‌ಗಳನ್ನು ಕಸದ ಕೋಡ್ ಅಂತಲೇ ಕರೆಯುತ್ತಾರೆ, ಯಾಕಂದ್ರೆ ಅವುಗಳಿಂದ ಯಾವ ರೋಗವನ್ನು ತಡೆಯಬೇಕು ಅನ್ನುವುದು ತಿಳಿಯುವುದಿಲ್ಲ.

ಈಗ ಪುಸ್ತಕದ ವಿಷಯಕ್ಕೆ ವಾಪಸ್ ಬನ್ನಿ. ಪುಸ್ತಕ ಬದಲಾದಾಗ ರೋಗದ ಜಾಗ ಮಾತ್ರ ಬದಲಾಗುವುದಿಲ್ಲ, ಆ ಮೂರು ಸಾಲುಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವ ನಿಯಮವೂ ಬದಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1984ರಲ್ಲಿ ಅಂಥ ಒಂದು ನಿಯಮವನ್ನು ವಿಸ್ತಾರವಾಗಿ ಅನ್ವಯಿಸಲು ಶುರು ಮಾಡಿದರು. ಹಾಸಿಗೆ ಹಿಡಿದ ವೃದ್ಧರಿಗೆ ಕೊನೆಯಲ್ಲಿ ನ್ಯುಮೋನಿಯಾ ಬಂದು ಸತ್ತರೆ, ಹಾಸಿಗೆ ಹಿಡಿಸಿದ ಕಾಯಿಲೆಯನ್ನೇ ಕಾರಣ ಅಂತ ತಗೊಳ್ಳಿ ಅನ್ನುವ ಥರದ್ದು. ಆ ವರ್ಷ ನ್ಯುಮೋನಿಯಾ ಸಾವುಗಳು ಧೊಪ್ಪಂತ ಬಿದ್ದವು. 1993ರಲ್ಲಿ ಹಳೆ ರೀತಿಗೆ ಮರಳಿದರು, ನ್ಯುಮೋನಿಯಾ ಮತ್ತೆ ಏರಿತು. ಆ ಒಂಬತ್ತು ವರ್ಷ ಅಲ್ಲಿನ ಮುದುಕರ ಶ್ವಾಸಕೋಶಕ್ಕೆ ವಿಶೇಷವಾಗಿ ಏನೂ ಆಗಿರಲಿಲ್ಲ.

ಅಮೆರಿಕ 1999ರಲ್ಲಿ ಒಂಬತ್ತನೇ ಆವೃತ್ತಿಯಿಂದ ಹತ್ತಕ್ಕೆ ಹೋಯಿತು. ಅವರು ಒಂದು ಒಳ್ಳೆ ಕೆಲಸ ಮಾಡಿದರು. 1996ರ ಸಾವಿನ ದಾಖಲೆಗಳನ್ನೇ ತೆಗೆದುಕೊಂಡು ಎರಡೂ ಪುಸ್ತಕದ ಪ್ರಕಾರ ಕೋಡ್ ಹಾಕಿ ಹೋಲಿಸಿದರು. ಹಳೆ ಪುಸ್ತಕದಲ್ಲಿ ಫ್ಲೂ ಮತ್ತು ನ್ಯುಮೋನಿಯಾ ಸಾವು 100 ಇದ್ದದ್ದು ಹೊಸದರಲ್ಲಿ ಸುಮಾರು 70 ಆಯಿತು. ಅಲ್ಜೈಮರ್ ಸಾವು 100 ಇದ್ದದ್ದು ಸುಮಾರು 155 ಆಯಿತು. ಅದೇ ಜನ, ಅದೇ ದಾಖಲೆ. ಈ ಹೋಲಿಕೆ ಮಾಡದೆ ಇದ್ದಿದ್ದರೆ, ಒಂದೇ ವರ್ಷದಲ್ಲಿ ಮರೆವಿನ ಕಾಯಿಲೆ ಒಂದೂವರೆ ಪಟ್ಟು ಜಾಸ್ತಿ ಆಯಿತು ಅಂತ ದೇಶವೇ ಗಾಬರಿ ಬೀಳುತ್ತಿತ್ತು. ಹೀಗೆ ಎರಡು ಪುಸ್ತಕದಲ್ಲೂ ಕೋಡ್ ಹಾಕಿ ಹೊಂದಾಣಿಕೆ ಅಂಕಿ ತೆಗೆಯುವುದು ಹಣ ಮತ್ತು ಜನ ಬೇಡುವ ಕೆಲಸ. ಅದಕ್ಕೆ ಬದಲಿ ದಾರಿ ಇಲ್ಲ.

ನಮ್ಮಲ್ಲಿ ಇನ್ನೊಂದು ಕಷ್ಟ ಇದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದದ್ದು ಶೇ. 22.5ಕ್ಕೆ ಮಾತ್ರ. ಉಳಿದವರದು ಮನೆಯವರು ಹೇಳಿದ್ದೇ ಲೆಕ್ಕ: ವಯಸ್ಸಾಗಿತ್ತು ಹೋದರು, ದಮ್ಮು ಇತ್ತು, ಎದೆ ನೋವು ಅಂದರು, ಅಷ್ಟೇ. ವಯಸ್ಸಾಗಿ ಸತ್ತರು ಅನ್ನುವುದಕ್ಕೂ ಐಸಿಡಿ-10ರಲ್ಲಿ ಒಂದು ಕೋಡ್ ಇದೆ. ಐಸಿಡಿ-11ರಲ್ಲಿ ಮೊದಲು ಅದನ್ನು 'ಮುಪ್ಪು' ಅಂತಲೇ ಇಟ್ಟಿದ್ದರು. ಮುಪ್ಪನ್ನೇ ರೋಗ ಅಂದರೆ ವಯಸ್ಸಾದವರಿಗೆ ಸರಿಯಾಗಿ ಚಿಕಿತ್ಸೆ ಕೊಡದೆ ಕೈಬಿಡುತ್ತಾರೆ ಅಂತ ಹಲವು ದೇಶಗಳಿಂದ ಆಕ್ಷೇಪ ಬಂತು, ಆಮೇಲೆ ವಯಸ್ಸಿನ ಜೊತೆ ದೇಹದ ಸಾಮರ್ಥ್ಯ ಕುಗ್ಗುವುದು ಅನ್ನುವ ಅರ್ಥಕ್ಕೆ ಬದಲಿಸಿದರು. ನನಗೆ ಆ ಆಕ್ಷೇಪ ಸರಿ ಅನ್ನಿಸುತ್ತದೆ. ಎಪ್ಪತ್ತು ದಾಟಿದ ಅಜ್ಜಿ ನಾಲ್ಕು ತಿಂಗಳಿಂದ ಸೊರಗಿ ಸತ್ತರೆ ಅದು ಕ್ಯಾನ್ಸರ್ ಇರಬಹುದು, ಟಿಬಿ ಇರಬಹುದು. ವಯಸ್ಸು ಅಂತ ಬರೆದ ಕೂಡಲೇ ಹುಡುಕಾಟ ನಿಂತುಹೋಗುತ್ತದೆ.

ಈ ಎಲ್ಲಕ್ಕಿಂತ ನನ್ನನ್ನು ಕಾಡುವುದು ದೂಳಿನ ಸಾವು. ಸಂಡೂರಿನ ಗಣಿ, ಅದಿರಿನ ಲಾರಿಗಳು, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳು, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ಊರೂರಿನ ಜಲ್ಲಿ ಕ್ರಷರ್, ಹಟ್ಟಿಯ ಚಿನ್ನದ ಗಣಿ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳಲ್ಲಿ ದೂಳಿನಲ್ಲೇ ಜೀವನ ಕಳೆಯುವ ಜನ ಎಷ್ಟಿದ್ದಾರೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಸಿಲಿಕೋಸಿಸ್ ಅಂದರೆ ಅದು. ವಾಸಿ ಆಗುವ ಕಾಯಿಲೆ ಅಲ್ಲ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿಬಿಯೂ ಬೇಗ ಅಂಟಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಂಡು ಮೋಸ ಹೋಗುವುದು ಸಾಮಾನ್ಯ.

ಈಗ ಫಾರಂ ನೋಡಿ. ಕ್ರಷರಿನಲ್ಲಿ ಇಪ್ಪತ್ತು ವರ್ಷ ದುಡಿದವರು ಕೆಮ್ಮಿ ಕೆಮ್ಮಿ ಸತ್ತರು. ವೈದ್ಯರು ಟಿಬಿ ಅಂತ ಬರೆದರೆ ಅದು ಸೋಂಕು ರೋಗ, ಮೊದಲ ಅಧ್ಯಾಯ. ದಮ್ಮು, ಸಿಒಪಿಡಿ ಅಂತ ಬರೆದರೆ ಉಸಿರಾಟದ ಕಾಯಿಲೆಗಳ ದೊಡ್ಡ ರಾಶಿಯಲ್ಲಿ ಬೀಡಿ ಸೇದಿದವರ ಜೊತೆ ಸೇರಿಹೋಗುತ್ತದೆ. ಸಿಲಿಕೋಸಿಸ್ ಅಂತ ಬರೆದರೆ ಅದಕ್ಕೇ ಒಂದು ಕೋಡ್, ಜೆ62. ದೂಳಿನ ಕಾಯಿಲೆಯ ಜೊತೆ ಟಿಬಿ ಇದ್ದರೆ ಅದಕ್ಕೂ ಬೇರೆ ಕೋಡ್ ಇದೆ, ಜೆ65. ಅಂದರೆ ಪುಸ್ತಕದಲ್ಲಿ ಜಾಗ ಇದೆ. ವರ್ಗೀಕರಣ ಮಾಡಿದವರು ಈ ಮನುಷ್ಯನನ್ನು ಮರೆತಿಲ್ಲ. ಮರೆಯುವುದು ಹಾಸಿಗೆಯ ಪಕ್ಕದಲ್ಲಿ, ಏನು ಕೆಲಸ ಮಾಡುತ್ತಿದ್ದಿರಿ ಅಂತ ಯಾರೂ ಕೇಳದೆ ಇದ್ದಾಗ.

ಕೋಡ್ ಬದಲಾದರೆ ದುಡ್ಡೂ ಬದಲಾಗುತ್ತದೆ. ಟಿಬಿ ಆದರೆ ಸರ್ಕಾರದ ಔಷಧಿ, ಮಾಲೀಕರಿಗೆ ಸಂಬಂಧ ಇಲ್ಲ. ಸಿಲಿಕೋಸಿಸ್ ಆದರೆ ಅದು ಉದ್ಯೋಗದಿಂದ ಬಂದ ರೋಗ, ಕಾರ್ಖಾನೆ ಕಾಯ್ದೆ ಗಣಿ ಕಾಯ್ದೆಗಳ ಕಾಲದಿಂದಲೂ ವರದಿ ಮಾಡಲೇಬೇಕಾದದ್ದು, ಕಾರ್ಮಿಕ ಪರಿಹಾರ ಕಾನೂನಿನ ಪಟ್ಟಿಯಲ್ಲೂ ಇರುವಂಥದ್ದು. ರಾಜಸ್ಥಾನ 2019ರಲ್ಲಿ ದೂಳಿನ ಕಾಯಿಲೆಗಳಿಗೇ ಒಂದು ನೀತಿ ತಂದು, ರೋಗ ಖಚಿತವಾದಾಗ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ ಅಂತ ನಿಗದಿ ಮಾಡಿತು. ಅಲ್ಲಿ ರೋಗಿಗಳು ಸಾವಿರಗಟ್ಟಲೆ ಸಿಕ್ಕರು, ಯಾಕಂದ್ರೆ ಹುಡುಕುವ ವ್ಯವಸ್ಥೆ ಮಾಡಿದ್ದರು. ಇಲ್ಲಿನ ಸಾವಿನ ಲೆಕ್ಕದಲ್ಲಿ ಸಿಲಿಕೋಸಿಸ್ ಕಾಣುವುದಿಲ್ಲ ಅಂತಾದರೆ, ಆ ಕಾಯಿಲೆ ಇಲ್ಲ ಅಂತ ಯಾರೂ ಅಂದುಕೊಳ್ಳಬಾರದು.

ವರ್ಗ ಬದಲಾದರೆ ಅಂಕಿ ಹೇಗೆ ಮಾಯ ಆಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ನೋವಿನ ಉದಾಹರಣೆ ಇದೆ. ಅದು ಐಸಿಡಿ ಪುಸ್ತಕದ್ದಲ್ಲ, ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯದ್ದು. 2013ರವರೆಗೆ ಆತ್ಮಹತ್ಯೆಯ ವರದಿಯಲ್ಲಿ ಕೃಷಿಯಲ್ಲಿ ಸ್ವಂತ ದುಡಿಮೆ ಮಾಡುವವರು ಅಂತ ಒಂದೇ ಗುಂಪು ಇತ್ತು. ಆ ವರ್ಷ ದೇಶದ ಅಂಕಿ 11,772. 2014ರಿಂದ ಅದನ್ನು ಒಡೆದು ರೈತರು ಬೇರೆ, ಕೃಷಿ ಕಾರ್ಮಿಕರು ಬೇರೆ ಮಾಡಿದರು. ಆಗ ರೈತರು 5,650, ಕಾರ್ಮಿಕರು 6,710. ಮೊದಲನೆಯದನ್ನು ಮಾತ್ರ ಓದಿದವರಿಗೆ ರೈತರ ಆತ್ಮಹತ್ಯೆ ಅರ್ಧಕ್ಕರ್ಧ ಇಳಿಯಿತು, ಎರಡನ್ನೂ ಕೂಡಿಸಿದವರಿಗೆ 12,360, ಅಂದರೆ ಹಿಂದಿಗಿಂತ ಸ್ವಲ್ಪ ಜಾಸ್ತಿಯೇ.

ಕರ್ನಾಟಕದ್ದು ಇನ್ನೂ ವಿಚಿತ್ರ. 2013ರಲ್ಲಿ 1,403. 2014ರಲ್ಲಿ ರೈತರು 321 ಮಾತ್ರ, ಕಾರ್ಮಿಕರನ್ನೂ ಸೇರಿಸಿದರೆ 768. 2015ರಲ್ಲಿ ಮತ್ತೆ ರೈತರೇ 1,197. 2015 ಭೀಕರ ಬರದ ವರ್ಷ, ಏರಿಕೆಯಲ್ಲಿ ಒಂದಷ್ಟು ನಿಜವಾದ ಸಂಕಟ ಇದ್ದೇ ಇದೆ. ಆದರೆ ನಡುವಿನ ಆ ಒಂದು ವರ್ಷ ಮಾತ್ರ ಹೊಲಗಳಲ್ಲಿ ಕಷ್ಟ ಕಾಲು ಭಾಗಕ್ಕೆ ಇಳಿದಿತ್ತು ಅಂತ ರಾಯಚೂರು, ಕೊಪ್ಪಳದಲ್ಲಿ ಬೇಸಾಯ ಮಾಡಿದವರು ಯಾರಾದರೂ ನಂಬುತ್ತಾರಾ? ಹೊಸ ನಮೂನೆ ಪೊಲೀಸ್ ಠಾಣೆಗೆ ಬಂದಾಗ, ಸತ್ತವರನ್ನು ಯಾವ ಗುಂಪಿಗೆ ಹಾಕಬೇಕು ಅನ್ನುವುದು ಅದನ್ನು ತುಂಬುವವರ ತಿಳಿವಳಿಕೆಗೆ ಬಿಟ್ಟ ವಿಷಯ. ಆ ವರ್ಷ ಹಲವು ರಾಜ್ಯಗಳಲ್ಲಿ 'ಇತರೆ' ಅನ್ನುವ ಗುಂಪು ಉಬ್ಬಿತು. ಹೊಲ ಲೀಸಿಗೆ ಮಾಡಿದವರು, ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳು ದಿನವಿಡೀ ಹೊಲದಲ್ಲೇ ದುಡಿದರೂ ಸತ್ತಾಗ ರೈತರ ಲೆಕ್ಕಕ್ಕೆ ಬರುವುದು ಕಷ್ಟ. ಲೆಕ್ಕಕ್ಕೆ ಬರದಿದ್ದರೆ ಪರಿಹಾರಕ್ಕೂ ಬರುವುದಿಲ್ಲ.

ಉಲ್ಟಾ ದಿಕ್ಕಿನಲ್ಲೂ ಇದು ನಡೆಯುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಿಗೆ ಇದು ತುಂಬಾ ಬೇಕಾಗಿದ್ದ ಹೆಜ್ಜೆ. ಮನೆ ಮನೆಗೆ ಹೋಗಿ ಸಾವಿನ ವಿವರ ಕೇಳಿ ಮಾಡಿದ ದೊಡ್ಡ ಅಧ್ಯಯನವೊಂದು 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಅಂತ ಅಂದಾಜು ಮಾಡಿದೆ. ಆಸ್ಪತ್ರೆಗಳ ಲೆಕ್ಕದಲ್ಲಿ ಸಿಗುತ್ತಿದ್ದದ್ದು ಅದರ ಸಣ್ಣ ಚೂರು. ಈಗ ಕಡ್ಡಾಯ ಮಾಡಿದ ಮೇಲೆ ಅಂಕಿ ಏರಿದರೆ ಹಾವು ಜಾಸ್ತಿ ಆದವು ಅಂತ ಹೆದರಬೇಕಾಗಿಲ್ಲ. ಮೊದಲೇ ಸಾಯುತ್ತಿದ್ದವರು ಈಗ ಕಾಣುತ್ತಿದ್ದಾರೆ. ಏರಿಕೆ ಕಂಡ ಜಿಲ್ಲೆಯ ಅಧಿಕಾರಿಗಳನ್ನು ಬೈದರೆ ಮುಂದಿನ ವರ್ಷ ಅವರು ಬರೆಯುವುದನ್ನೇ ನಿಲ್ಲಿಸುತ್ತಾರೆ.

ಕೋವಿಡ್ ನೆನಪು ಎಲ್ಲರಿಗೂ ಇದೆ, ಜಾಸ್ತಿ ಬಿಡಿಸಿ ಹೇಳುವುದು ಬೇಡ. ಪರೀಕ್ಷೆಯಲ್ಲಿ ಖಚಿತವಾದದ್ದಕ್ಕೆ ಒಂದು ಕೋಡ್, ಲಕ್ಷಣ ನೋಡಿ ಅನುಮಾನಪಟ್ಟದ್ದಕ್ಕೆ ಇನ್ನೊಂದು ಕೋಡ್ ಇತ್ತು, ದಿನದ ಬುಲೆಟಿನ್‌ಗೆ ಬರುತ್ತಿದ್ದದ್ದು ಖಚಿತವಾದವು. ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ, ಪಾಸಿಟಿವ್ ಬಂದ 30 ದಿನದೊಳಗೆ ಸತ್ತರೆ ಕೋವಿಡ್ ಸಾವು ಅಂತ ಪರಿಗಣಿಸುವ ಮಾರ್ಗಸೂಚಿ ಬಂತು. ಪರಿಹಾರಕ್ಕೆ ಅಲೆದ ಕುಟುಂಬಗಳಿಗೆ ಆ ಒಂದು ಗೆರೆ ಎಷ್ಟು ದೊಡ್ಡದು ಅಂತ ಅವರಿಗೇ ಗೊತ್ತು. 2020 ಮತ್ತು 2021 ಸೇರಿ ದೇಶದಲ್ಲಿ ಮಾಮೂಲಿ ವರ್ಷಗಳಿಗಿಂತ 47 ಲಕ್ಷ ಹೆಚ್ಚುವರಿ ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು, ಸರ್ಕಾರದ ಕೋವಿಡ್ ಸಾವಿನ ಅಂಕಿ 4.8 ಲಕ್ಷದಷ್ಟಿತ್ತು, ಆ ಅಂದಾಜನ್ನು ಸರ್ಕಾರ ಒಪ್ಪಲಿಲ್ಲ.

ಬಾಣಂತಿಯರ ಸಾವನ್ನೂ ಹೇಳಲೇಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು, ಸಲೈನ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ತನಿಖೆ ನಡೆಯಿತು. ಅದು ಬೆಳಕಿಗೆ ಬಂದದ್ದು ಕೆಲವೇ ದಿನಗಳಲ್ಲಿ ಒಂದೇ ಕಡೆ ಆದದ್ದರಿಂದ. ಅಲ್ಲೊಂದು ಇಲ್ಲೊಂದು, ಬೇರೆ ಬೇರೆ ತಾಲೂಕಿನಲ್ಲಿ ಆಗುವ ಇಂಥ ಸಾವಿನ ಫಾರಂನಲ್ಲಿ ಬರೀ ಕಿಡ್ನಿ ವೈಫಲ್ಯ ಅಂತ ಬರೆದು ಬಾಣಂತನದ ಪ್ರಶ್ನೆಯನ್ನು ಖಾಲಿ ಬಿಟ್ಟರೆ ಅದು ಕಿಡ್ನಿ ಲೆಕ್ಕಕ್ಕೆ ಹೋಗುತ್ತದೆ. ಹೆರಿಗೆ ಆಗಿ 42 ದಿನದೊಳಗೆ ಆದ ಇಂಥ ಸಾವು ತಾಯಿ ಮರಣ ಅಂತ ಎಣಿಕೆಯಾಗಬೇಕು, ಪುಸ್ತಕ ಹೇಳುವುದು ಅದನ್ನೇ.

ಹಾಗಾದರೆ ಐಸಿಡಿ-11 ಬರುವ ಹೊತ್ತಿಗೆ ನಾವು ಕೇಳಬೇಕಾದದ್ದು ಏನು? ಮೊದಲಿಗೆ, ಬದಲಾಗುವ ವರ್ಷದ ಸಾವುಗಳಲ್ಲಿ ಒಂದು ಮಾದರಿಯನ್ನಾದರೂ ಎರಡೂ ಪುಸ್ತಕದಲ್ಲಿ ಕೋಡ್ ಹಾಕಿ, ಆ ಹೊಂದಾಣಿಕೆ ಅಂಕಿಯನ್ನು ವರದಿಯಲ್ಲೇ ಅಚ್ಚು ಹಾಕಬೇಕು. ಲಕ್ವವನ್ನು ಕೆಲವು ವರ್ಷ ಪ್ರತ್ಯೇಕ ಸಾಲಿನಲ್ಲಿ ತೋರಿಸಿದರೂ ಅರ್ಧ ಗೊಂದಲ ಕಡಿಮೆ ಆಗುತ್ತದೆ. ಗಣಿ ಮತ್ತು ಕಾರ್ಖಾನೆ ಇರುವ ಜಿಲ್ಲೆಗಳಿಗೆ ಉಸಿರಾಟದ ಸಾವುಗಳ ಲೆಕ್ಕ ಜಿಲ್ಲಾವಾರು, ಉದ್ಯೋಗವಾರು ಬೇಕು. ಸಾವಿನ ನೋಂದಣಿಯ ಫಾರಂ 2ರಲ್ಲಿ ಸತ್ತವರ ಉದ್ಯೋಗ ಕೇಳುವ ಕಾಲಂ ಈಗಾಗಲೇ ಇದೆ. ಅಲ್ಲಿ 'ಕೂಲಿ' ಅಂತ ಬರೆದು ಮುಗಿಸುವ ಬದಲು ಕ್ರಷರ್ ಕೂಲಿ, ಗಣಿ ಕೂಲಿ ಅಂತ ಬರೆಸುವುದಕ್ಕೆ ಹೊಸ ಕಾನೂನು ಬೇಕಿಲ್ಲ.

ಮನೆಯವರು ಮಾಡಬಹುದಾದದ್ದೂ ಇದೆ. ನಮ್ಮ ಕೈಗೆ ಬರುವ ಡೆತ್ ಸರ್ಟಿಫಿಕೇಟ್‌ನಲ್ಲಿ ಸಾವಿನ ಕಾರಣ ಇರುವುದಿಲ್ಲ, ಅದನ್ನು ತೋರಿಸಬಾರದು ಅಂತ ಕಾನೂನೇ ಹೇಳುತ್ತದೆ. ಕಾರಣ ಇರುವುದು ವೈದ್ಯರು ಬರೆಯುವ ಬೇರೆ ಪ್ರಮಾಣಪತ್ರದಲ್ಲಿ. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಅದರ ಪ್ರಕಾರ ಆಸ್ಪತ್ರೆ ಆ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳಿಸುವುದರ ಜೊತೆಗೆ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೆ ಕೊಡಬೇಕು. ಫೀಸ್ ಕಟ್ಟಿ ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ, ಅಳುವ ಮನೆಯವರ ನಡುವೆ, ಇದನ್ನು ಕೇಳುವುದು ಕಷ್ಟ ಅಂತ ಗೊತ್ತು. ಜೊತೆಗೆ ಹೋದ ನೆಂಟರೋ ನೆರೆಯವರೋ ಕೇಳಬಹುದು. ಸಾಧ್ಯವಾದರೆ ಅದಕ್ಕೂ ಮುಂಚೆ, ಫಾರಂ ತುಂಬುವ ಹೊತ್ತಿಗೆ, ಡಾಕ್ಟರ ಹತ್ತಿರ ಮೂರು ವಿಷಯ ಹೇಳಿ: ಎಷ್ಟು ವರ್ಷದಿಂದ ಯಾವ ಕಾಯಿಲೆ ಇತ್ತು, ಎಲ್ಲಿ ಏನು ಕೆಲಸ ಮಾಡುತ್ತಿದ್ದರು, ಹೆಂಗಸಾದರೆ ಇತ್ತೀಚೆಗೆ ಹೆರಿಗೆಯೋ ಗರ್ಭಪಾತವೋ ಆಗಿತ್ತಾ. ಪ್ರತಿ ಕೈಗೆ ಬಂದಾಗ ಎ ಸಾಲಿನಲ್ಲಿ ಬರೀ ಹೃದಯ ನಿಂತಿತು ಅಂತಿದ್ದು ಬಿ ಮತ್ತು ಸಿ ಖಾಲಿ ಇದ್ದರೆ, ಇದಕ್ಕೆ ಕಾರಣವಾದ ರೋಗ ಯಾವುದು ಅದನ್ನೂ ಬರೆಯಿರಿ ಡಾಕ್ಟ್ರೇ ಅಂತ ಅಲ್ಲೇ ಕೇಳಿ.